ಮೇಲಿನ ಕೋಣೆಯ ಬೀಗದಕೈ

ಜನವರಿ 9

ಸಭಾ ಸಮಿತಿಯ ಅಧ್ಯಕ್ಷರಿಗೂ ಸದಸ್ಯರಿಗೂ,

ಕರ್ತನಲ್ಲಿ ವಂದನೆಗಳು.

ನಾನು ಈ ಸಭೆಯ ಸ್ತ್ರೀ ಸಂಘದ ಅಧ್ಯಕ್ಷೆ. ದೇವಾಲಯದ ಹಿಂದಿರುವ ಎರಡಂತಸ್ತಿನ ಕಟ್ಟಡವನ್ನು ನಿಂತು ಕಟ್ಟಿಸಿದವರು ನನ್ನ ಯಜಮಾನರು. ಮೇಲಿನ ಕೋಣೆಯ ಬಾಗಿಲ ಮೇಲೆ ಅವರ ಹೆಸರಿದೆ, ಅದರ ಬೀಗದಕೈ ನನ್ನ ಏಪ್ರನ್ ಜೇಬಿನಲ್ಲಿದೆ. ಅವರು ತೀರಿಕೊಂಡ ಮೇಲೆ ನಮ್ಮ ಲಾಂಡ್ರಿ ನಡೆಸಿಕೊಂಡು ಬಂದವಳು ನಾನು. ಪ್ರಭುಭೋಜನದ ಮೇಜಿನ ಬಟ್ಟೆಯಾಗಲಿ, ಪಾಸ್ಟರ ನಿಲುವಂಗಿಯಾಗಲಿ ಇಷ್ಟು ವರ್ಷದಲ್ಲಿ ಬೇರೆ ಅಂಗಡಿಯ ನೀರು ಕಂಡಿಲ್ಲ. ನಾನು ಓದಿದ್ದು ಹೈಸ್ಕೂಲು. ಸಮಿತಿಯಲ್ಲಿ ನನಗಿಂತ ಹೆಚ್ಚು ಓದಿದವರಿದ್ದೀರಿ. ಭಾನುವಾರ ನನಗಿಂತ ಮೊದಲು ಬಂದು ಕೂತವರು ಮಾತ್ರ ಯಾರೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಹುಡುಗ ಹುಡುಗಿಯರು ಕೂರುವ ಹಿಂದಿನ ಸಾಲನ್ನು ನೀವು ಈಚೆಗೆ ನೋಡಿದ್ದೀರಾ? ಕಳೆದ ವಾರ ಕೀರ್ತನೆಯ ಹೊತ್ತಿನಲ್ಲಿ ಅಲ್ಲಿ ಬಾಯಿ ತೆರೆದವನು ಒಬ್ಬನೇ, ಅದೂ ಆಕಳಿಸುವುದಕ್ಕೆ. ಇವರನ್ನು ಗದರಿಸಿ ನೋಡಿದ್ದೇವೆ, ಉಪದೇಶ ಮಾಡಿ ನೋಡಿದ್ದೇವೆ. ಯಾರೂ ಇವರಿಗೆ ಒಂದು ಕೆಲಸ ಕೊಟ್ಟು, ಕೂರಲು ಒಂದು ಜಾಗ ಕೊಟ್ಟು ನೋಡಿಲ್ಲ.

ಯುವಜನ ಕೂಟವನ್ನು ನನ್ನ ತಮ್ಮನ ಮಗನಿಗೆ ಒಪ್ಪಿಸಿರಿ. ಅವನನ್ನು ನೀವೆಲ್ಲ ಬುಗುರಿ ಎಂದೇ ಬಲ್ಲಿರಿ. ಸಂಡೇ ಸ್ಕೂಲಿನಲ್ಲಿ ಒಂದು ಕಡೆ ಕೂತವನಲ್ಲ. ತಂದೆ ತಾಯಿ ಹೋದ ಮೇಲೆ ನನ್ನ ಮನೆಯಲ್ಲಿ ಬೆಳೆದ. ಈಗ ಲಿಫ್ಟ್ ರಿಪೇರಿಯಲ್ಲಿ ಒಳ್ಳೆಯ ಹೆಸರು ಮಾಡಿದ್ದಾನೆ. ಮಕ್ಕಳು ಅವನ ಹಿಂದೆ ಹೋಗುತ್ತಾರೆ. ಮೇಲಿನ ಕೋಣೆಯನ್ನು ಶನಿವಾರ ಸಂಜೆ ಅವರಿಗೆ ಬಿಟ್ಟುಕೊಡುತ್ತೇನೆ. ಬೀಗ ತೆಗೆಯುವವಳು, ಹಾಕುವವಳು ನಾನೇ. ಅವನ ಜವಾಬ್ದಾರಿ ನನ್ನದು.

ಇಂತಿ,
ಸ್ತ್ರೀ ಸಂಘದ ಅಧ್ಯಕ್ಷೆ

*

ಫೆಬ್ರವರಿ 20

ಪ್ರೀತಿಯ ಅತ್ತೆಗೆ,

ಫೋನ್ ಮಾಡಿದರೆ ನಿಮ್ಮ ಕಡೆಯಿಂದ ಸ್ಟೀಮ್ ಪ್ರೆಸ್ಸಿನ ಬುಸ್ಸೆನ್ನುವ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆದು ಮಾಸಿದ ಶರಟಿನ ಜೇಬಿನಲ್ಲಿಟ್ಟು ಕಳಿಸುತ್ತಿದ್ದೇನೆ. ಜೇಬು ನೋಡದೆ ನೀವು ಬಟ್ಟೆ ನೆನೆಸುವವರಲ್ಲ.

ಕೂಟ ನಡೆಯುತ್ತಿದೆ. ಮೊದಲ ಎರಡು ವಾರ ಎಲ್ಲರೂ ಗೋಡೆಗೆ ಅಂಟಿದ ಹಲ್ಲಿಗಳ ಹಾಗೆ ನಿಂತಿದ್ದರು. ಮೂರನೆಯ ವಾರ ನಾನು ಏನೂ ಮಾತಾಡದೆ ಮುರಿದ ಕುರ್ಚಿಗಳನ್ನೂ ಅಂಟಿನ ಡಬ್ಬಿಯನ್ನೂ ಮಧ್ಯಕ್ಕೆ ಇಟ್ಟೆ. ಕೈಗೆ ಕೆಲಸ ಸಿಕ್ಕಿದಾಗ ಬಾಯಿ ತಾನಾಗಿ ಬಿಚ್ಚಿತು. ಈಗ ಒಬ್ಬ ಸ್ಪೀಕರ್ ನೋಡಿಕೊಳ್ಳುತ್ತಾನೆ, ಇಬ್ಬರು ಹುಡುಗಿಯರು ಚಿಕ್ಕ ಮಕ್ಕಳಿಗೆ ಹಾಡು ಕಲಿಸುತ್ತಾರೆ. ಕೊನೆಗೆ ಎಲ್ಲರೂ ಸುತ್ತ ಕೂತು, ವಾರದಲ್ಲಿ ಮನಸ್ಸಿಗೆ ಭಾರವಾದದ್ದನ್ನು ಹೇಳುತ್ತಾರೆ. ಇಷ್ಟವಿಲ್ಲದವರು ಹೇಳಬೇಕಾಗಿಲ್ಲ.

ಇದಕ್ಕೆ ನಾನು ಇಟ್ಟಿರುವ ನಿಯಮ ನಿಮ್ಮದೇ. ಚಿಕ್ಕವನಿದ್ದಾಗ ಯಾರದೋ ಕೋಟಿನ ಜೇಬಿನಲ್ಲಿ ಸಿಕ್ಕಿದ ಚೀಟಿಯನ್ನು ನಾನು ಜೋರಾಗಿ ಓದಿದ್ದಕ್ಕೆ ನೀವು ಕಿವಿ ಹಿಂಡಿದ್ದು ಇನ್ನೂ ನೆನಪಿದೆ. “ಜೇಬಲ್ಲಿ ಸಿಕ್ಕಿದ್ದು ಲಕೋಟೆಗೆ ಹಾಕಬೇಕು, ಬಾಯಿಗಲ್ಲ,” ಅಂದಿದ್ದಿರಿ. ಆ ಕಥೆ ಹೇಳಿದೆ, ನಕ್ಕರು. ಈಗ ಅವರೇ ಅದನ್ನು ಜೇಬಿನ ನಿಯಮ ಎಂದು ಕರೆಯುತ್ತಾರೆ. ಮೇಲಿನ ಕೋಣೆಯಲ್ಲಿ ಹೇಳಿದ್ದು ಮೆಟ್ಟಿಲು ಇಳಿಯಬಾರದು.

ಅದಕ್ಕಾಗಿ ಒಂದು ಬೇಡಿಕೆ. ಕೂಟ ನಡೆಯುವಾಗ ನೀವು ಮೇಲೆ ಬರಬೇಡಿ. ನೀವು ಬಾಗಿಲಲ್ಲಿ ಕಾಣಿಸಿಕೊಂಡರೆ ಕುರ್ಚಿಗಳೂ ನೆಟ್ಟಗೆ ಕೂರುತ್ತವೆ.

ನಿಮ್ಮ ಮೊಮ್ಮಗಳು ಗುಬ್ಬಿ ಇನ್ನೂ ಬಾಗಿಲ ಹತ್ತಿರವೇ ಕೂರುತ್ತಾಳೆ. ಬರುತ್ತಿದ್ದಾಳಲ್ಲ, ಸಾಕು.

ನಿಮ್ಮ,
ಬುಗುರಿ

*

ಮಾರ್ಚ್ 15

ಬುಗುರಿಗೆ ಆಶೀರ್ವಾದಗಳು.

ನನ್ನ ಗಂಡ ಕಟ್ಟಿಸಿದ ಕೋಣೆಗೆ ನಾನು ಹತ್ತಬಾರದು ಎಂದು ಬರೆಯುವ ಧೈರ್ಯ ನಿನಗೆ ಬಂತಲ್ಲ. ಬೇರೆಯವರಾಗಿದ್ದರೆ ಆ ಕಾಗದವನ್ನು ಬಟ್ಟೆಯ ಜೊತೆಗೇ ಬಿಸಿನೀರಿಗೆ ಹಾಕುತ್ತಿದ್ದೆ. ಆದರೆ ನಿಯಮ ನನ್ನದು ಎಂದೆ. ನನ್ನ ನಿಯಮವನ್ನು ನಾನೇ ಮುರಿಯುವುದಿಲ್ಲ. ಮೆಟ್ಟಿಲ ಬುಡದಲ್ಲಿರುವ ಬೆಂಚಿನ ಮೇಲೆ ಹೆಣಿಗೆ ಹಿಡಿದು ಕೂತಿರುತ್ತೇನೆ. ಕೂಟ ಮುಗಿದ ಮೇಲೆ ಬೀಗ ಹಾಕಿಕೊಂಡು ಹೋಗುತ್ತೇನೆ.

ಗುಬ್ಬಿ ಮನೆಯಲ್ಲಿ ಗುನುಗಲು ಶುರು ಮಾಡಿದ್ದಾಳೆ. ತಾಯಿ ಸತ್ತಾಗಿನಿಂದ ಈ ಹುಡುಗಿಯ ಬಾಯಿಂದ ಬೇಕು, ಬೇಡ ಎರಡೇ ಮಾತು ಕೇಳಿದವಳು ನಾನು. ನಿನ್ನೆ ಕಾಲರ್ ಇಸ್ತ್ರಿ ಮಾಡುತ್ತಾ ಇಡೀ ಕೀರ್ತನೆಯೊಂದನ್ನು ಹಾಡಿದಳು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ನಿಲ್ಲಿಸುತ್ತಿದ್ದಳು.

ಒಂದು ಮಾತು ಮನಸ್ಸಿನಲ್ಲಿರಲಿ. ಅವಳ ಅಪ್ಪ ಕುಡಿತ ಬಿಡಿಸುವ ಕೇಂದ್ರದಲ್ಲಿದ್ದಾನೆ ಎಂದು ತಿಳಿದಿರುವವರು ನಾನು, ನೀನು, ಗುಬ್ಬಿ, ಪಾಸ್ಟರು. ಸಭೆಯವರ ಪಾಲಿಗೆ ಅವನು ಹಡಗಿನ ಕೆಲಸದ ಮೇಲೆ ಹೋಗಿದ್ದಾನೆ. ಹಾಗೆಯೇ ಇರಲಿ. ನನ್ನ ಮಗ ನೆಟ್ಟಗಾಗಿ ಬಂದ ದಿನ ತಲೆಯೆತ್ತಿ ಒಳಗೆ ನಡೆಯಬೇಕು. ಅಲ್ಲಿಯವರೆಗೆ ಅವನ ಹೆಸರು ಯಾರ ಬಾಯಲ್ಲೂ ಹೊರಳಬಾರದು.

ನಿನ್ನ ಕಂದು ಶರಟಿಗೆ ಗ್ರೀಸು ಹತ್ತಿದೆ. ನಿನ್ನ ಬಟ್ಟೆಗಿಂತ ನೀನು ರಿಪೇರಿ ಮಾಡುವ ಲಿಫ್ಟೇ ಚೊಕ್ಕಟವಾಗಿರಬೇಕು.

ಇಂತಿ,
ಅತ್ತೆ

*

ಜೂನ್ 28

ಅತ್ತೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಭಾನುವಾರದ ಆರಾಧನೆಯನ್ನು ನಮ್ಮ ಮಕ್ಕಳೇ ನಡೆಸುತ್ತಾರೆ, ಪಾಸ್ಟರು ಒಪ್ಪಿದ್ದಾರೆ. ಸಂದೇಶ ನಾನು ಕೊಡಬೇಕು. ಅದು ಚೆನ್ನಾಗಿ ಬರಲೇಬೇಕು. ಸಮಿತಿಯಲ್ಲಿ ಕೆಲವರು ಕೂಟದಿಂದ ಏನು ಸಾಧನೆಯಾಗಿದೆ, ಕುರ್ಚಿಗೆ ಅಂಟು ಹಚ್ಚುವುದಕ್ಕೆ ಒಂದು ಕೋಣೆ ಬೇಕೇ ಎಂದು ಕೇಳುತ್ತಿದ್ದಾರಂತೆ. ಅತಿಥಿ ಬೋಧಕರು ಬಂದರೆ ಮಲಗಲು ಮೇಲಿನ ಕೋಣೆ ಬೇಕು ಅನ್ನುತ್ತಾರೆ. ಅಲ್ಲಿ ಏನಾಗುತ್ತಿದೆ ಎಂದು ಅವರಿಗೆ ಒಮ್ಮೆ ಕಾಣಿಸಿದರೆ ಸಾಕು, ಆಮೇಲೆ ಬಾಯಿ ತೆರೆಯುವುದಿಲ್ಲ.

ಕೀಬೋರ್ಡ್ ನುಡಿಸುವವಳು ಗುಬ್ಬಿ. ನೀವು ಮುಂದಿನ ಸಾಲಿನಲ್ಲೇ ಕೂರಬೇಕು.

ಬುಗುರಿ

*

ಜುಲೈ 6

ನನ್ನ ತಮ್ಮನ ಮಗನಿಗೆ,

ನೀನು ಹೇಳಿದ ಹಾಗೆ ಮುಂದಿನ ಸಾಲಿನಲ್ಲೇ ಕೂತಿದ್ದೆ. ಮೊಮ್ಮಗಳು ಕೀಬೋರ್ಡಿನ ಮುಂದೆ ಕೂತಿರುವುದನ್ನು ನೋಡಲೆಂದು ಕನ್ನಡಕವನ್ನು ಎರಡು ಸಲ ಒರೆಸಿಕೊಂಡೆ.

ನೀನು ಚೆನ್ನಾಗಿಯೇ ಮಾತಾಡಿದೆ. ಜನ ನಕ್ಕರು. ಸಮಿತಿಯವರು ತಲೆದೂಗಿದರು. ಆಮೇಲೆ ದನಿ ತಗ್ಗಿಸಿದೆ. ದನಿ ತಗ್ಗಿದರೆ ಜನ ಕಿವಿಗೊಡುತ್ತಾರೆ ಎಂದು ನಿನಗೆ ಯಾರು ಕಲಿಸಿದರೋ. “ನಮ್ಮ ಕೂಟದಲ್ಲಿ ಒಬ್ಬಳು ಹುಡುಗಿ ಇದ್ದಾಳೆ,” ಅಂದೆ. “ಅವಳಪ್ಪ ದೂರದಲ್ಲಿ ಕೆಲಸದಲ್ಲಿದಾನೆ ಅಂತ ಎಲ್ಲರಿಗೂ ಹೇಳಿದ್ದಾರೆ. ನಿಜವಾಗಿ ಅವನಿರೋದು ಕುಡಿತ ಬಿಡಿಸೋ ಕೇಂದ್ರದಲ್ಲಿ. ಆ ಮಗು ಇದನ್ನ ಮೊದಲ ಸಲ ಬಾಯಿಬಿಟ್ಟು ಹೇಳಿ ಅತ್ತಿದ್ದು ಮೇಲಿನ ಕೋಣೆಯಲ್ಲಿ.”

ಬಾಯಿಬಿಟ್ಟು ಹೇಳಿದ್ದಾಳೆ ಎನ್ನುವುದು ನನಗೆ ಗೊತ್ತಾದದ್ದೂ ಆಗಲೇ, ಇಡೀ ಸಭೆಯ ಜೊತೆಗೆ.

ಯಾರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ಎಷ್ಟು ಪ್ರಯತ್ನಪಟ್ಟು ತಿರುಗದೆ ಕೂತಿದ್ದರೆಂದರೆ, ಅವರ ಕತ್ತಿನ ನರಗಳು ಕಾಣುತ್ತಿದ್ದವು. ಪಕ್ಕದಲ್ಲಿದ್ದ ಖಜಾಂಚಿಯ ಹೆಂಡತಿ ನನ್ನ ಮಂಡಿಯ ಮೇಲೆ ಕೈಯಿಟ್ಟಳು. ಆ ಕೈಯನ್ನು ಎತ್ತಿ ಅವಳ ಮಡಿಲಿಗೇ ವಾಪಸ್ ಇಟ್ಟೆ. ನೀನು ಹಾಡಿಗೆ ಸನ್ನೆ ಮಾಡಿದೆ. ಹಾಡು ಶುರುವಾಗಲಿಲ್ಲ. ಗುಬ್ಬಿಯ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ಇದ್ದವು. ಅದನ್ನಾದರೂ ನೋಡಿದೆಯೋ ಇಲ್ಲವೋ.

ಆರಾಧನೆ ಮುಗಿದು ಟೀ ಕುಡಿಯುವಾಗ ಅದೇ ಖಜಾಂಚಿಯ ಹೆಂಡತಿ ಬಂದು ಸಕ್ಕರೆ ಹಾಕಿಕೊಳ್ಳುತ್ತಾ ಕೇಳಿದಳು: “ಅಮ್ಮಾ, ನಿಮ್ಮ ಮಗನ ಹಡಗು ಈಗ ಯಾವ ದಡ ಮುಟ್ಟಿದೆ?”

ಮನೆಯ ಮಾತನ್ನು ಮೆಟ್ಟಿಲು ಹತ್ತಿಸಿದವಳು ನನ್ನ ಮೊಮ್ಮಗಳು. ಅದನ್ನು ಮೇಲಿನಿಂದ ಬೀದಿಗೆ ಎಸೆದವನು ನಾನು ಕೈ ಹಿಡಿದು ಬೆಳೆಸಿದವನು. ಅದೆಲ್ಲ ನಡೆಯುವಾಗ ಕಾವಲುನಾಯಿಯ ಹಾಗೆ ಕೆಳಗೆ ಬೆಂಚಿನ ಮೇಲೆ ಕೂತಿದ್ದವಳು ನಾನು.

ಇಂತಿ,
ಸ್ತ್ರೀ ಸಂಘದ ಅಧ್ಯಕ್ಷೆ

*

ಜುಲೈ 9

ಪೂಜ್ಯ ಅತ್ತೆಯವರಿಗೆ,

ಮೂರು ಸಲ ಅಂಗಡಿಗೆ ಬಂದೆ. ನೀವು ಕೌಂಟರಿನಲ್ಲೇ ಇದ್ದುಕೊಂಡು, ಇಸ್ತ್ರಿಯ ಹುಡುಗನ ಕೈಲಿ ನೀವಿಲ್ಲ ಎಂದು ಹೇಳಿಸಿದಿರಿ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಹೆಸರು ಹೇಳಲಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ. ಗುಬ್ಬಿಯನ್ನು ಹಿಂದಿನ ದಿನವೇ ಕೇಳಿದ್ದೆ, ಆಗಬಹುದು ಎಂದು ತಲೆಯಾಡಿಸಿದಳು. ಕೇಳದೆ ನಾನು ಹೇಳುವವನಲ್ಲ. ಇನ್ನೂ ಒಂದು ಮಾತು, ಇದು ನಿಮಗೆ ರುಚಿಸುವುದಿಲ್ಲ: ಕೂಟ ಉಳಿಯಿತು. ಸಮಿತಿಯವರು ಅಂದೇ ಮಧ್ಯಾಹ್ನ ಕೋಣೆ ಮಕ್ಕಳಿಗೇ ಇರಲಿ ಎಂದು ಒಪ್ಪಿಕೊಂಡರು. ಇಬ್ಬರು ಕಣ್ಣೊರೆಸಿಕೊಂಡರಂತೆ.

ಲಿಫ್ಟ್ ಮಧ್ಯದಲ್ಲಿ ನಿಂತಾಗ ನಾವು ಮೊದಲು ಮಾಡುವ ಕೆಲಸ ಒಳಗಿರುವವರ ಜೊತೆ ಮಾತಾಡುವುದು. ಹೊರಗೆ ಜನ ಇದ್ದಾರೆ, ಕೈಬಿಟ್ಟಿಲ್ಲ ಎಂದು ಅವರಿಗೆ ಗೊತ್ತಾಗಬೇಕು. ನಾನು ಮಾಡಲು ಹೋದದ್ದೂ ಅಷ್ಟೇ.

ನಿಮ್ಮ,
ಬುಗುರಿ

*

ಜುಲೈ 13

ಒಳಗಿರುವವರ ಜೊತೆ ಮಾತಾಡಬೇಕು ಎಂದು ಬರೆದಿದ್ದೀಯ. ನೀನು ಮಾತಾಡಿದ್ದು ಹೊರಗೆ ನಿಂತು ನೋಡುವವರ ಜೊತೆ. ಒಳಗೆ ಯಾರು ಸಿಕ್ಕಿಹಾಕಿಕೊಂಡಿದ್ದಾರೆ ನೋಡಿ ಎಂದು ಬಾಗಿಲು ಬಡಿದು ತೋರಿಸಿದೆ.

ಹೆಸರು ಹೇಳಲಿಲ್ಲವಂತೆ. ಇಡೀ ಬೀದಿಯಲ್ಲಿ ಒಬ್ಬರ ಹತ್ತಿರ ಮಾತ್ರ ಹಸಿರು ಕೋಟಿದೆ ಎಂದಿಟ್ಟುಕೋ. ಹಸಿರು ಕೋಟಿನ ಜೇಬಿನಲ್ಲಿ ಇಂಥದು ಸಿಕ್ಕಿತು ಎಂದು ನಾನು ಕೌಂಟರಿನಲ್ಲಿ ನಿಂತು ಸಾರಿದರೆ, ಹೆಸರು ಹೇಳಲಿಲ್ಲವಲ್ಲ ಎಂದು ಆ ಕೋಟಿನವರು ನನ್ನ ಉಪಕಾರ ಸ್ಮರಿಸುತ್ತಾರೆಯೇ? ಈ ಊರಿನ ಕಲೆಗಳೆಲ್ಲ ನನಗೆ ಗೊತ್ತು. ಯಾರ ಹಾಸಿಗೆಯ ಹೊದಿಕೆ ಯಾವ ತಿಂಗಳಿನಿಂದ ಒಂದೇ ಬರುತ್ತಿದೆ, ಯಾರ ಅಂಗಿಯ ತೋಳಿನಲ್ಲಿ ರಕ್ತವಿತ್ತು, ಎಲ್ಲ. ನನ್ನ ಗಂಡನಿಗೂ ಹೇಳಿದವಳಲ್ಲ. ನೀನು ಈ ಅಂಗಡಿಯಲ್ಲಿ ಬೆಳೆದವನು. ಆದ್ದರಿಂದಲೇ ನಿನ್ನ ತಪ್ಪನ್ನು ಬೇರೆಯವರ ತಪ್ಪಿನ ಜೊತೆಗಿಟ್ಟು ತೂಗಲಾರೆ.

ಶನಿವಾರ ನಾನು ಬೀಗ ತೆಗೆಯಲಿಲ್ಲ. ಮಕ್ಕಳು ಬಂದು ನೋಡಿ, ಮೆಟ್ಟಿಲ ಮೇಲೆಯೇ ಕೂತಿದ್ದು ಹೋದರಂತೆ. ಗುಬ್ಬಿಗೂ ಹೊರಗೆ ಹೋಗಕೂಡದು ಎಂದು ಹೇಳಿದ್ದೇನೆ. ಅವಳೊಡನೆ ನಾನು ಮಾತಾಡುತ್ತಿಲ್ಲ.

ಇನ್ನು ಬರೆಯಬೇಡ.

ಅತ್ತೆ

*

ಜುಲೈ 24

ಅಜ್ಜಿಗೆ,

ಒಂದೇ ಮನೆಯಲ್ಲಿದ್ದು ಕಾಗದ ಬರೆಯೋದು ನಗು ಬರುವಂಥದ್ದೇ. ಆದರೆ ನೀವು ನನ್ನ ಕಡೆ ನೋಡುತ್ತಿಲ್ಲ. ಇಸ್ತ್ರಿಪೆಟ್ಟಿಗೆ ಇಡುವ ತಟ್ಟೆಯ ಕೆಳಗೆ ಇಟ್ಟರೆ ಬೆಳಿಗ್ಗೆ ನಿಮ್ಮ ಕೈಗೇ ಸಿಗುತ್ತೆ.

ಮನೆಯ ವಿಷಯ ಮೇಲೆ ಹೇಳಿದ್ದು ನಾನೇ. ಅದಕ್ಕೆ ನೀವು ಬೈದರೆ ಬೈಸಿಕೊಳ್ಳುತ್ತೇನೆ. ಯಾಕೆ ಹೇಳಿದೆ ಅಂತ ಮಾತ್ರ ಕೇಳಿ. ಸ್ಕೂಲಲ್ಲಿ ಅಪ್ಪ ಈಗ ಎಲ್ಲಿದ್ದಾರೆ ಅಂತ ಕೇಳುತ್ತಾರೆ. ನಾನು ಭೂಗೋಳದ ಪುಸ್ತಕ ನೋಡಿ ಬಂದರುಗಳ ಹೆಸರು ಬಾಯಿಪಾಠ ಮಾಡಿದ್ದೆ. ಒಂದು ಸಲ ಸಮುದ್ರವೇ ಇಲ್ಲದ ಕಡೆ ಹಡಗು ನಿಲ್ಲಿಸಿಬಿಟ್ಟೆ. ಇಡೀ ಕ್ಲಾಸು ನಕ್ಕಿತು. ಮೇಲಿನ ಕೋಣೆಯಲ್ಲಿ ಮಾತ್ರ ಹಡಗನ್ನು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ.

ನಾನು ಹೇಳಿದ ದಿನ ಸ್ಪೀಕರ್ ನೋಡಿಕೊಳ್ಳುವವನು ಬಿಸ್ಕೆಟ್ ಪೊಟ್ಟಣವನ್ನು ನನ್ನ ಕಡೆ ತಳ್ಳಿದ. ಎಲ್ಲಾ ನೀನೇ ತಿನ್ನಬೇಡ ಅಂದ. ಮುಂದಿನ ವಾರ ಎಲ್ಲರೂ ಸೇರಿ ನನ್ನನ್ನು ಕೀಬೋರ್ಡಿನ ಮುಂದೆ ಕೂರಿಸಿದರು. ಅಷ್ಟೇ ನಡೆದದ್ದು. ಅಷ್ಟು ಸಾಕಾಗಿತ್ತು ಅಜ್ಜಿ.

ಬುಗುರಿ ಮಾಮ ನನ್ನನ್ನು ಕೇಳಿದ್ದು ನಿಜ. ಶನಿವಾರ ಮೆಟ್ಟಿಲ ಮೇಲೆ, ಎರಡು ಕೈಯಲ್ಲೂ ವೈರು ಹಿಡಿದುಕೊಂಡು. “ಹೆಸರು ಹೇಳಲ್ಲ ಗುಬ್ಬಿ. ಹೇಳಿದ್ರೆ ಕೋಣೆ ಉಳಿಯುತ್ತೆ. ಆಗ್ಬಹುದಲ್ವಾ?” ಅಂದರು. ನಾನು ತಲೆಯಾಡಿಸಿದೆ. ಮಾಮನಿಗೆ ಬೇಡ ಅನ್ನೋದಕ್ಕೆ ನಮ್ಮಲ್ಲಿ ಯಾರಿಗೂ ಬರೋಲ್ಲ. ಅವರ ಮುಖ ಬಾಡುತ್ತೆ. ನಿಮಗೆ ಬೇಡ ಅನ್ನೋಕೂ ನಮಗೆ ಬರೋಲ್ಲ, ಅದು ಬೇರೆ ಥರ.

ನನಗೆ ಮಾಮನ ಮೇಲೆ ತುಂಬಾ ಕೋಪವಿದೆ. ನಿಮ್ಮ ಕೋಪಕ್ಕಿಂತ ಜಾಸ್ತಿ. ನಾನು ಅತ್ತಿದ್ದನ್ನು ಅವರು ಹೇಳಬಾರದಿತ್ತು. ಅಪ್ಪನ ವಿಷಯ ನಿಮ್ಮದೂ ಹೌದು, ಅಳು ನನ್ನೊಬ್ಬಳದು.

ಆದರೆ ಮಾತು ಮುರಿದವರು ಮಾಮ. ಬೀಗ ಬಿದ್ದಿದ್ದು ನಮಗೆ. ಮೂರು ಶನಿವಾರ ಆಗುತ್ತಾ ಬಂತು, ಅವರೆಲ್ಲ ಈಗಲೂ ಬಂದು ಆ ಮೆಟ್ಟಿಲ ಮೇಲೆ ಕೂರುತ್ತಾರಂತೆ. ನನಗೊಂದು ಜಾಗ ಬಿಟ್ಟು.

ನಿಮ್ಮ,
ಗುಬ್ಬಿ

*

ಆಗಸ್ಟ್ 3

ಬುಗುರಿಗೆ,

ಇದು ನಿನ್ನನ್ನು ಕೇಳುವುದಕ್ಕಾಗಿ ಬರೆದ ಕಾಗದವಲ್ಲ. ಆಗಿ ಮುಗಿದದ್ದನ್ನು ತಿಳಿಸುವ ಕಾಗದ.

ಗುರುವಾರ ಸಮಿತಿಯ ಸಭೆಗೆ ಹೋದೆ. ಕರೆದಿರಲಿಲ್ಲ. ಕುರ್ಚಿ ತೋರಿಸಿದರು, ಕೂರಲಿಲ್ಲ. ನನ್ನ ಮಗ ಕುಡಿತ ಬಿಡಿಸುವ ಕೇಂದ್ರದಲ್ಲಿದ್ದಾನೆ, ಇದು ಮೂರನೆಯ ಪ್ರಯತ್ನ, ಈ ಸಲ ಗಟ್ಟಿಯಾಗಿ ನಿಂತಿದ್ದಾನೆ ಎಂದು ಹೇಳಿದೆ. ಇದರ ಬಗ್ಗೆ ಯಾರಿಗೆ ಏನು ಕೇಳಬೇಕಿದ್ದರೂ ಅಂಗಡಿಯ ಕೌಂಟರಿನಲ್ಲಿ ನನ್ನನ್ನು ಕೇಳಬಹುದು. ಮಗುವನ್ನು ಕೇಳಿದವರ ಬಟ್ಟೆ ಅಂದಿನಿಂದ ನನ್ನ ಅಂಗಡಿಯಲ್ಲಿ ತೆಗೆದುಕೊಳ್ಳುವುದಿಲ್ಲ ಎಂದೆ. ಖಜಾಂಚಿ ಕೆಮ್ಮಿದರು. ನೀರು ಕುಡಿಯಿರಿ ಎಂದೆ.

ಆಮೇಲೆ ನಿನ್ನ ಮಾತು ತೆಗೆದೆ. ಜನವರಿಯಲ್ಲಿ ನಿನ್ನ ಜವಾಬ್ದಾರಿ ನನ್ನದು ಎಂದು ಬರೆದುಕೊಟ್ಟವಳು ನಾನು. ಅದನ್ನು ಹಿಂತೆಗೆದುಕೊಂಡೆ. ಅವರು ನಿನ್ನ ಪರವಾಗಿಯೇ ಮಾತಾಡಿದರು, ಎಷ್ಟು ಒಳ್ಳೆಯ ಸಂದೇಶ ಕೊಟ್ಟ ಎಂದರು. ಅದಕ್ಕೇ ಅವನು ಬೇಡ ಎಂದೆ. ಸಂಡೇ ಸ್ಕೂಲಿನ ಹಿರಿಯ ಟೀಚರನ್ನು ಮುಂದಾಳು ಮಾಡಿದ್ದಾರೆ. ಅವರಿಗೆ ನಿನ್ನಷ್ಟು ಮಾತು ಬರುವುದಿಲ್ಲ. ಈಗ ಬೇಕಾಗಿರುವುದೂ ಅಂಥವರೇ.

ಶನಿವಾರ ಗುಬ್ಬಿಯನ್ನು ಕರೆದುಕೊಂಡು ಹೋದೆ. ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆದರೆ ಯಾರೂ ನಮಸ್ಕಾರ ಹೇಳಲಿಲ್ಲ. ಅವರ ಕೋಪ ನನಗೆ ಹಿಡಿಸಿತು. ನಾನು ಬೀಗ ತೆಗೆದು, ನಿನ್ನ ವಿಷಯ ಅವರನ್ನೇ ಕೇಳಿದೆ. ಸಮಿತಿ ನಿನ್ನನ್ನು ಇಳಿಸಿದೆ, ನೀನು ಈ ಮೆಟ್ಟಿಲ ಹತ್ತಿರ ಬರಬೇಕೋ ಬೇಡವೋ ಎನ್ನುವುದನ್ನು ಅವರೇ ಹೇಳಬೇಕು ಎಂದೆ. ಅವರು ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಟೀಚರೂ ನಾನೂ ಕೆಳಗೆ ಬೆಂಚಿನ ಮೇಲೆ ಕಾದೆವು. ಒಳಗೆ ಜಗಳವೇ ನಡೆಯಿತು. ಯಾರೋ ಅತ್ತರು. ನಾನು ಕಿವಿಗೊಡಲಿಲ್ಲ.

ಗುಬ್ಬಿ ಇಳಿದು ಬಂದು, ಎಲ್ಲರ ಮಾತನ್ನು ಒಬ್ಬಳೇ ಹೇಳಿದಳು. “ಮಾಮ ಬರ್ಲಿ ಅಜ್ಜಿ. ಆದ್ರೆ ಮೇಲಕ್ಕಲ್ಲ. ಇಲ್ಲೇ ಕೂರ್ಲಿ, ನೀವು ಕೂತ್ಕೊಳ್ತಿದ್ದ ಜಾಗದಲ್ಲಿ. ಮೇಲಕ್ಕೆ ಯಾವಾಗ ಅಂತ ನಾವು ಹೇಳ್ತೀವಿ.”

ಹುಡುಗಿ ಬೇಡ ಎನ್ನುವುದನ್ನು ಕಲಿತಿದ್ದಾಳೆ. ಅದರಲ್ಲಿ ನಿನ್ನ ಪಾಲೂ ಇದೆ, ಇಲ್ಲ ಎನ್ನುವುದಿಲ್ಲ. ಅದನ್ನು ಕ್ಷಮೆ ಎಂದು ಓದಿಕೊಳ್ಳಬೇಡ. ನಿನ್ನ ಮೇಲಿದ್ದ ನನ್ನ ನಂಬಿಕೆ ಒಗೆದು ಒಣಹಾಕಿದರೆ ಮೊದಲಿನಂತಾಗುವ ಬಟ್ಟೆಯಲ್ಲ.

ನಿನ್ನ ನೀಲಿ ಶರಟಿನ ಜೇಬಿನಲ್ಲಿ ದಪ್ಪ ಲಕೋಟೆ ಸಿಕ್ಕಿತು. ಮೇಲೆ ನನ್ನ ಹೆಸರಿದೆ. ತೆರೆದಿಲ್ಲ. ಶರಟಿನ ಜೊತೆಗೇ ವಾಪಸ್ ಇಟ್ಟಿದ್ದೇನೆ. ಅದರಲ್ಲಿರುವುದನ್ನು ಕೇಳಿಸಿಕೊಳ್ಳಬೇಕಾದವಳು ನಾನಲ್ಲ, ಗುಬ್ಬಿ. ಅವಳಿಗೆ ಹೇಳುವಾಗ ಕೈಯಲ್ಲಿ ವೈರು ಇಟ್ಟುಕೊಳ್ಳಬೇಡ.

ಬೀಗದಕೈ ಈಗ ನನ್ನ ಏಪ್ರನ್ ಜೇಬಿನಲ್ಲಿಲ್ಲ. ಅಂದು ಸಂಜೆಯೇ ಗುಬ್ಬಿಯ ಕೈಗೆ ಹಾಕಿ, ಯಾರೂ ನೋಡುವ ಮೊದಲೇ ಮನೆಗೆ ನಡೆದುಬಂದೆ. ಇವತ್ತು ಬೆಳಿಗ್ಗೆ ಹಳೆಯ ಅಭ್ಯಾಸದಿಂದ ಎರಡು ಸಲ ಜೇಬು ಮುಟ್ಟಿ ನೋಡಿಕೊಂಡೆ.

ಶನಿವಾರ ಹೊತ್ತಿಗೆ ಸರಿಯಾಗಿ ಬಾ. ಬೆಂಚಿನ ಎಡಗಾಲು ಕುಂಟುತ್ತದೆ, ಗೋಡೆಗೆ ಒತ್ತಿ ಕೂರು.

ಇಂತಿ,
ಅತ್ತೆ